ತೂಕ ಇಳಿಸುವ ದಿನಗಳಲ್ಲಿ ಓಡಾಟ ಕುಗ್ಗದಂತೆ ನೋಡಿಕೊಳ್ಳುವುದು ಹೇಗೆ?

ತೂಕ ಇಳಿಸಲೇಬೇಕೆಂದು ಮನಸ್ಸು ಮಾಡಿದವರಲ್ಲಿ ಬಹಳಷ್ಟು ಮಂದಿ ಬೆಳಗಿನ ನಡಿಗೆಯಿಂದ ಆರಂಭಿಸುತ್ತಾರೆ. ಮೂರು ವಾರ ಬೆವರು ಸುರಿಸಿದ ಮೇಲೂ ತೂಕದ ಯಂತ್ರದ ಮುಳ್ಳು ಇದ್ದಲ್ಲೇ ನಿಂತಿದ್ದರೆ, ನಡಿಗೆಯಿಂದ ಏನೂ ಉಪಯೋಗವಿಲ್ಲವೆಂದು ಕೈಬಿಡುತ್ತಾರೆ. ಓಡಾಟವು ತೂಕವನ್ನು ಬದಲಿಸುವಂತೆಯೇ, ಕಡಿಮೆಯಾದ ಊಟವೂ ಇಳಿಯುತ್ತಿರುವ ತೂಕವೂ ನಮ್ಮ ಓಡಾಟವನ್ನು ಬದಲಿಸುತ್ತವೆ. ಈ ಎರಡನೆಯ ಸಂಗತಿಯ ಕಡೆಗೆ ಗಮನ ಹೋಗುವುದು ಅಪರೂಪವಾದ್ದರಿಂದ ಅದನ್ನೇ ಮುಂದಿಟ್ಟುಕೊಂಡು ಹಂತ ಹಂತವಾಗಿ ನೋಡೋಣ.

ಮೊದಲ ಹಂತ: ಲೆಕ್ಕ ಅರಿತುಕೊಳ್ಳಿ

70 ಕಿಲೋ ತೂಕದ ವ್ಯಕ್ತಿ ಗಂಟೆಗೆ ಸುಮಾರು 5 ಕಿಲೋಮೀಟರ್ ವೇಗದಲ್ಲಿ ಅರ್ಧ ಗಂಟೆ ನಡೆದರೆ ಹೆಚ್ಚುಕಡಿಮೆ 120 ಕ್ಯಾಲರಿ ಖರ್ಚಾಗುತ್ತದೆ. ಸುಮ್ಮನೆ ಕುಳಿತಿದ್ದರೂ ಅಷ್ಟು ಹೊತ್ತಿನಲ್ಲಿ 35ರಷ್ಟು ಖರ್ಚಾಗುತ್ತಿತ್ತು. ಅದನ್ನು ಕಳೆದರೆ ನಡಿಗೆಯ ನಿಜವಾದ ಗಳಿಕೆ 85ರ ಆಸುಪಾಸು. ಒಂದು ಕಿಲೋ ಕೊಬ್ಬಿನಲ್ಲಿ ಅಡಗಿರುವುದು ಸುಮಾರು 7,700 ಕ್ಯಾಲರಿ. ಊಟದಲ್ಲಿ ಏನನ್ನೂ ಬದಲಿಸದೆ ಬರೀ ಈ ನಡಿಗೆಯನ್ನೇ ನಂಬಿದರೆ ಒಂದು ಕಿಲೋ ಇಳಿಯಲು ಮೂರು ತಿಂಗಳು ಬೇಕು. ಹೀಗಾಗಿ ತೂಕ ಇಳಿಸುವ ಕೆಲಸದ ದೊಡ್ಡ ಪಾಲು ತಟ್ಟೆಯ ಮೇಲೆಯೇ ನಡೆಯಬೇಕು. ಹಾಗೆಂದು ನಡಿಗೆ ಬೇಡವೆಂದು ಯಾರೂ ತಿಳಿಯಬಾರದು. ಅದರ ಬೆಲೆ ಬೇರೆ ಕಡೆ ಇದೆ.

ಎರಡನೆಯ ಹಂತ: ಊಟ ಕಡಿಮೆ ಮಾಡುವ ಮೊದಲು ಹೆಜ್ಜೆ ಎಣಿಸಿ

1944–45ರಲ್ಲಿ ಅಮೆರಿಕದ ಮಿನೆಸೊಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಅವರು 36 ಆರೋಗ್ಯವಂತ ಯುವಕರಿಗೆ ಆರು ತಿಂಗಳ ಕಾಲ ಅರೆಹೊಟ್ಟೆಯ ಆಹಾರ ಕೊಟ್ಟು ಅಭ್ಯಾಸ ಮಾಡಿದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು; ಜೊತೆಗೇ ಎದ್ದು ಓಡಾಡುವ ಉತ್ಸಾಹವೂ ಬತ್ತಿಹೋಯಿತು. ಅದು ಅತಿಯಾದ ಸ್ಥಿತಿ, ಮನೆಯಲ್ಲಿ ಯಾರೂ ಅನುಕರಿಸುವಂಥದ್ದಲ್ಲ. ಆದರೆ ಮಿತವಾಗಿ ಊಟ ಕಡಿಮೆ ಮಾಡಿದವರ ದೇಹವೂ ಇದೇ ಮಿತವ್ಯಯವನ್ನು ಸಣ್ಣ ಪ್ರಮಾಣದಲ್ಲಿ, ಸದ್ದಿಲ್ಲದೆ ಮಾಡಬಲ್ಲದು. ಫೋನಿನಲ್ಲಿ ಮಾತನಾಡುತ್ತ ಅತ್ತಿತ್ತ ಹೆಜ್ಜೆ ಹಾಕುತ್ತಿದ್ದವರು ಈಗ ಕುರ್ಚಿಗೆ ಒರಗಿ ಮಾತನಾಡುತ್ತಾರೆ. ತಾವೇ ಎದ್ದು ಹೋಗಿ ನೀರು ಕುಡಿಯುತ್ತಿದ್ದವರು ‘ಒಂದು ಲೋಟ ನೀರು ಕೊಡು’ ಎನ್ನುತ್ತಾರೆ. ಒಂದೇ ಮಹಡಿ ಹತ್ತಲು ಲಿಫ್ಟಿಗಾಗಿ ಕಾಯುತ್ತಾರೆ. ಇದನ್ನು ಸೋಮಾರಿತನವೆಂದು ಕರೆದರೆ ಅನ್ಯಾಯವಾದೀತು, ಏಕೆಂದರೆ ಮಾಡುವವರಿಗೇ ಅದರ ಅರಿವಿರುವುದಿಲ್ಲ. ಬೆಳಿಗ್ಗೆ ಅರ್ಧ ಗಂಟೆ ನಡೆದು ಗಳಿಸಿದ್ದು ಹೀಗೆ ದಿನವಿಡೀ ಚೂರುಚೂರಾಗಿ ಸೋರಿಹೋಗುತ್ತದೆ.

ಇದಕ್ಕೆ ಉಪಾಯ ಸರಳ. ಊಟದಲ್ಲಿ ಯಾವ ಬದಲಾವಣೆಯನ್ನೂ ಮಾಡುವ ಮೊದಲು ಒಂದು ವಾರ ದಿನಕ್ಕೆ ಎಷ್ಟು ಹೆಜ್ಜೆ ನಡೆಯುತ್ತೀರಿ ಎಂಬುದನ್ನು ಫೋನಿನಲ್ಲೋ ಕೈಗಡಿಯಾರದಲ್ಲೋ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಏಳು ದಿನಗಳ ಸರಾಸರಿಯೇ ನಿಮ್ಮ ತಳಮಟ್ಟ. ಮುಂದೆ ವ್ಯಾಯಾಮ ಎಷ್ಟೇ ಮಾಡಿ, ವ್ಯಾಯಾಮ ಬಿಟ್ಟು ಉಳಿದ ಹೊತ್ತಿನ ಹೆಜ್ಜೆಗಳು ಈ ಸಂಖ್ಯೆಗಿಂತ ಕೆಳಗಿಳಿಯಬಾರದು. ಸಂಖ್ಯೆ ಕುಸಿಯುತ್ತಲೇ ಇದ್ದರೆ ಊಟವನ್ನು ಅತಿಯಾಗಿ ಕಡಿತಗೊಳಿಸಿದ್ದೀರಾ ಎಂದು ನೋಡಿಕೊಳ್ಳಿ.

ಮೂರನೆಯ ಹಂತ: ಸ್ನಾಯು ಉಳಿಸಿಕೊಳ್ಳಿ

ವ್ಯಾಯಾಮವಿಲ್ಲದೆ ಊಟವನ್ನಷ್ಟೇ ಕಡಿಮೆ ಮಾಡಿದಾಗ, ಇಳಿದ ತೂಕದಲ್ಲಿ ಸುಮಾರು ಕಾಲುಭಾಗದವರೆಗೆ ಸ್ನಾಯುವೂ ಸೇರಿದಂತೆ ಕೊಬ್ಬಲ್ಲದ ಭಾಗವೇ ಇರಬಹುದು. ಸ್ನಾಯು ಕರಗಿದರೆ ಬಲ ಕುಂದುತ್ತದೆ, ಬಲ ಕುಂದಿದರೆ ಓಡಾಟ ಮತ್ತಷ್ಟು ಬೇಡವಾಗುತ್ತದೆ. ವಾರದಲ್ಲಿ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಶ್ರಮ ಕೊಡುವ ವ್ಯಾಯಾಮ ಮಾಡಬೇಕು. ಊಟ ಕಡಿಮೆ ಮಾಡಿದರೂ ಪ್ರೋಟೀನ್ ಕಡಿಮೆಯಾಗಬಾರದು. ಜಿಮ್ ಅನಿವಾರ್ಯವೇನಲ್ಲ. ಗಟ್ಟಿಯಾದ ಕುರ್ಚಿಯಲ್ಲಿ ಕುಳಿತು, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಪಾದಗಳನ್ನು ನೆಲಕ್ಕೆ ಊರಿ ನಿಧಾನವಾಗಿ ಎದ್ದು, ಅಷ್ಟೇ ನಿಧಾನವಾಗಿ ಕುಳಿತು ನೋಡಿ. ಧೊಪ್ಪನೆ ಕೂರದೆ ಹತ್ತು ಬಾರಿ ಹೀಗೆ ಮಾಡುವಷ್ಟರಲ್ಲಿ ತೊಡೆಗಳು ಬಿಸಿಯೇರಿದರೆ, ಅಲ್ಲಿಂದಲೇ ಆರಂಭಿಸಬಹುದು.

ನಾಲ್ಕನೆಯ ಹಂತ: ತೂಕ ಇಳಿದಂತೆ ಶ್ರಮ ಏರಿಸಿ

ತೂಕ ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋನಷ್ಟು ಹಗುರವಾಗುತ್ತದೆ. ಮಂಡಿನೋವಿನಿಂದ ನಡೆಯಲಾಗದೆ, ನಡೆಯದ ಕಾರಣ ತೂಕ ಏರಿಸಿಕೊಂಡು ಸಂಕಟಪಡುವವರಿಗೆ ಇದಕ್ಕಿಂತ ನೆಮ್ಮದಿಯ ಮಾತು ಇನ್ನೊಂದಿಲ್ಲ. ಅಂಥವರು ಆರಂಭದಲ್ಲಿ ಹತ್ತು ನಿಮಿಷದ ನಡಿಗೆಯನ್ನು ದಿನಕ್ಕೆ ಎರಡು ಮೂರು ಬಾರಿ ಹಂಚಿಕೊಳ್ಳಬಹುದು, ಇಲ್ಲವೇ ಈಜು, ಸೈಕಲ್‌ಗಳನ್ನು ಆರಿಸಿಕೊಳ್ಳಬಹುದು. ಹೃದ್ರೋಗ, ಮಧುಮೇಹ ಇರುವವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಹಗುರಾದ ದೇಹಕ್ಕೆ ಅದೇ ನಡಿಗೆ ಅಗ್ಗವೂ ಆಗುತ್ತದೆ. 70 ಕಿಲೋ ಇದ್ದಾಗ 120 ಕ್ಯಾಲರಿ ಬೇಡುತ್ತಿದ್ದ ಅರ್ಧ ಗಂಟೆಯ ನಡಿಗೆಗೆ 60 ಕಿಲೋ ಆದಾಗ 105 ಸಾಕು. ಆದ್ದರಿಂದ ಸಮಯವನ್ನೋ ವೇಗವನ್ನೋ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋಗಬೇಕು. ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಅದೇ ಮಧ್ಯಮ ವೇಗ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ವಾರಕ್ಕೆ ಇಂತಹ 150ರಿಂದ 300 ನಿಮಿಷಗಳ ಚಟುವಟಿಕೆ.

ಐದನೆಯ ಹಂತ: ಅಳತೆ ಬದಲಿಸಿ

ಮೊದಲ ವಾರದಲ್ಲಿ ಸರಸರನೆ ಇಳಿಯುವ ತೂಕದಲ್ಲಿ ನೀರಿನ ಪಾಲೇ ಹೆಚ್ಚು. ಹೊಸದಾಗಿ ವ್ಯಾಯಾಮ ಆರಂಭಿಸಿದಾಗ ಸ್ನಾಯುಗಳು ನೀರು ಹಿಡಿದಿಟ್ಟುಕೊಳ್ಳುವುದರಿಂದ ಕೆಲವು ದಿನ ಮುಳ್ಳು ಕದಲದಿರುವುದೂ ಉಂಟು. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಕ ನೋಡಿ, ಜೊತೆಗೆ ಸೊಂಟದ ಸುತ್ತಳತೆಯನ್ನೂ ಬರೆದಿಡಿ. ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಹೊಟ್ಟೆಯೊಳಗಿನ ಕೊಬ್ಬು ಕಡಿಮೆಯಾಗಬಲ್ಲದು. ಯಂತ್ರಕ್ಕೆ ಕಾಣದ್ದು ಟೇಪಿಗೆ ಕಾಣುತ್ತದೆ.

ಬಯಸಿದ ತೂಕಕ್ಕೆ ಬಂದ ಮೇಲೆ ಚಟುವಟಿಕೆಯ ಮಹತ್ವ ಇನ್ನೂ ಹೆಚ್ಚು. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ರಾಷ್ಟ್ರೀಯ ತೂಕ ನಿಯಂತ್ರಣ ದಾಖಲೆಯಲ್ಲಿ ಕನಿಷ್ಠ 13.6 ಕಿಲೋ ಇಳಿಸಿ ವರ್ಷಕ್ಕೂ ಮೇಲ್ಪಟ್ಟು ಉಳಿಸಿಕೊಂಡವರಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ ವ್ಯಾಯಾಮ ಮಾಡುವುದಾಗಿ ಹೇಳಿದ್ದಾರೆ. ಇಳಿಸುವಾಗ ಊಟ ಮುಂದೆ, ಉಳಿಸಿಕೊಳ್ಳುವಾಗ ಓಡಾಟ ಮುಂದೆ. ಕೆಲವು ತಿಂಗಳ ಬಳಿಕ ತೂಕ ಒಂದೆರಡು ಕಿಲೋ ಮತ್ತೆ ಏರಿದ್ದು ಕಂಡರೆ, ತಟ್ಟೆಯನ್ನು ದೂರುವ ಮೊದಲು ಆ ಹಳೆಯ ನೋಟ್‌ಬುಕ್ ತೆರೆದು ಮೊದಲ ವಾರದ ಹೆಜ್ಜೆಗಳನ್ನು ಈ ವಾರದ ಹೆಜ್ಜೆಗಳ ಜೊತೆ ಹೋಲಿಸಿ ನೋಡಿ.