ತಮ್ಮ ಮನೆಗೆ ಬರ್ತಾನಾ? ಒಂದು ಆಟದ ಕೊನೆಯನ್ನು ಮೂರು ಸಲ ಬರೆದ ನನ್ನ ಅನುಭವ

“ಹಾಗಾದ್ರೆ ನನ್ನನ್ನ ಯಾಕೆ ಕೇಳ್ದೆ?”

ನಾನು ಬರೆದ ಕಂಪ್ಯೂಟರ್ ಆಟದ ಮೊದಲ ಪ್ರತಿಯನ್ನು ಆಡಿ ಮುಗಿಸಿದ ಗೆಳತಿ ಹೀಗೆ ಕೇಳಿದಳು. ಎರಡು ಗಂಟೆ ಅವಳ ಹಿಂದೆ ಕುರ್ಚಿ ಹಾಕಿಕೊಂಡು ಕೂತು ನೋಡಿದ್ದೆ. ಒಂದೊಂದು ಮಾತನ್ನೂ ಅಳೆದು ತೂಗಿ ಆರಿಸುತ್ತಿದ್ದಳು. ಒಂದು ಕಡೆಯಂತೂ ಮೌಸ್ ಮೇಲಿಂದ ಕೈ ತೆಗೆದು, ಅರ್ಧ ನಿಮಿಷ ಸುಮ್ನೆ ಕೂತು, ಆಮೇಲೆ ಒತ್ತಿದಳು. ಕೊನೆಯ ಪರದೆ ಬಂತು. ಓದಿದಳು. “ಇನ್ನೊಂದು ದಾರಿ ಇದೆಯಾ?” ಅಂದಳು. “ಇಲ್ಲ, ಹೇಗೆ ಆಡಿದರೂ ಇದೇ ಕೊನೆ” ಅಂದೆ. ಹೇಳುವಾಗ ನನಗೆ ಹೆಮ್ಮೆಯೇ ಇತ್ತು. ಆಗ ಬಂತು ಆ ಪ್ರಶ್ನೆ.

ಆಟದ ಕತೆ ಇಷ್ಟೇ. ಜಗಳ ಮಾಡಿಕೊಂಡು ತಮ್ಮ ಮನೆ ಬಿಟ್ಟು ಹೋಗಿದ್ದಾನೆ. ಹೋಗುವಾಗ ಮನೆಯ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಹೋಗಿದ್ದಾನೆ. ಅಕ್ಕ ಏಳು ದಿನ ಅವನನ್ನು ಹುಡುಕುತ್ತಾಳೆ. ಆಡುವವರೇ ಅಕ್ಕ. ಫೋನಿನಲ್ಲಿ ಏನು ಹೇಳಬೇಕು, ಅವನ ಗೆಳೆಯರನ್ನು ಹೇಗೆ ಮಾತಾಡಿಸಬೇಕು, ಅವನು ಬಿಟ್ಟುಹೋದ ಡೈರಿಯನ್ನು ತೆರೆದು ಓದಬೇಕಾ ಬೇಡವಾ, ಎಲ್ಲ ಅವರ ಕೈಯಲ್ಲಿ. ಆದರೆ ಮೊದಲ ಪ್ರತಿಯಲ್ಲಿ ಏನೇ ಮಾಡಿದರೂ ಏಳನೇ ದಿನ ತಮ್ಮ ಬಸ್ ಹತ್ತಿ ಹೊರಟುಹೋಗುತ್ತಿದ್ದ. ಅಕ್ಕ ಬಸ್ ಸ್ಟ್ಯಾಂಡ್ ತಲುಪುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತಿತ್ತು.

ಯಾಕೆ ಹಾಗೆ ಬರೆದೆ? ದುಃಖದ ಕೊನೆ ಅಂದರೆ ಗಟ್ಟಿ ಕೊನೆ ಅಂತ ನಂಬಿದ್ದೆ. ಒಳ್ಳೆಯದಾಗಿ ಮುಗಿಸುವುದು ಸುಲಭ, ಕೆಟ್ಟದಾಗಿ ಮುಗಿಸುವುದಕ್ಕೆ ಧೈರ್ಯ ಬೇಕು ಅಂದುಕೊಂಡಿದ್ದೆ. 2012ರಲ್ಲಿ ಬಂದ ದಿ ವಾಕಿಂಗ್ ಡೆಡ್ ಆಟದ ಪ್ರಭಾವ ನನ್ನ ಮೇಲೆ ತುಂಬಾ ಇತ್ತು. ಸತ್ತವರು ಎದ್ದು ಬಂದು ಬದುಕಿರುವವರನ್ನು ಕಚ್ಚುವ ಲೋಕದ ಕತೆ ಅದು. ಕಚ್ಚಿಸಿಕೊಂಡವರೂ ಸತ್ತು ಹಾಗೇ ಏಳುತ್ತಾರೆ. ಅದರಲ್ಲಿ ನಾವು ಆಡುವ ಪಾತ್ರ ಲೀ, ಹೇಗೆ ಆಡಿದರೂ ಉಳಿಯುವುದಿಲ್ಲ. ಆದರೂ ಆ ಕೊನೆ ಅಷ್ಟೊಂದು ಜನರ ಮನಸ್ಸಿನಲ್ಲಿ ನಿಂತಿದೆ. ಅಂದಮೇಲೆ ನನ್ನದೂ ನಿಲ್ಲುತ್ತದೆ ಅಂತ ಲೆಕ್ಕ ಹಾಕಿದ್ದೆ.

ಗೆಳತಿಯ ಪ್ರಶ್ನೆ ಕೇಳಿದ ಮೇಲೆ ಆ ಆಟವನ್ನು ಮತ್ತೆ ಆಡಿದೆ. ಈ ಸಲ ಬರೆಯುವವರ ಕಣ್ಣಿನಿಂದ ನೋಡಿದೆ. ಲೀಗೆ ಕಚ್ಚುವುದು ನಾಲ್ಕನೇ ಕಂತಿನ ಕೊನೆಯಲ್ಲಿ. ಐದನೇ ಕಂತು ಪೂರ್ತಿ ಆ ಗಾಯ ನಮ್ಮ ಕಣ್ಣ ಮುಂದೆಯೇ ಇರುತ್ತದೆ. ಲೀ ಬದುಕುತ್ತಾನಾ ಅನ್ನುವುದು ಅಲ್ಲಿ ಹೆಚ್ಚು ಹೊತ್ತು ಪ್ರಶ್ನೆಯಾಗಿ ಉಳಿಯುವುದಿಲ್ಲ. ಲೀ ಕಾಪಾಡಿಕೊಂಡು ಬಂದ ಪುಟ್ಟ ಹುಡುಗಿ ಕ್ಲೆಮಂಟೈನ್‌ಗೆ ಏನು ಹೇಳಿಕೊಟ್ಟು ಹೋಗುತ್ತೀರಿ, ಕೊನೆಗೆ ಅವಳ ಕೈಯಲ್ಲೇ ಲೀಗೆ ಗುಂಡು ಹೊಡೆಸುತ್ತೀರಾ ಅಥವಾ ಹಾಗೇ ಬಿಟ್ಟು ಹೋಗು ಅನ್ನುತ್ತೀರಾ, ಅದು ಪ್ರಶ್ನೆ. ಅದಕ್ಕೆ ಆಟ ನಮ್ಮ ಉತ್ತರವನ್ನು ನಿಜವಾಗಿಯೂ ಕೇಳುತ್ತದೆ. ನನ್ನ ಆಟ ಮಾಡಿದ್ದು ಬೇರೆ. “ತಮ್ಮ ಬರುವುದು ನಿನ್ನ ಮಾತಿನ ಮೇಲೆ ನಿಂತಿದೆ” ಅಂತ ಏಳು ದಿನ ಹೇಳುತ್ತಾ ಬಂದು, ಕೊನೆಗೆ “ನಿಂತಿರಲಿಲ್ಲ” ಅಂದಿತು. ಅದು ದುಃಖ ಅಲ್ಲ, ಮೋಸ.

ಮೊದಲ ಪಾಠ ಇಲ್ಲಿ ಸಿಕ್ಕಿತು. ಎಲ್ಲ ಆಟಕ್ಕೂ ಸುಖದ ಕೊನೆ ಬೇಕು ಅಂತ ನಾನು ಹೇಳುವುದಿಲ್ಲ. 2016ರಲ್ಲಿ ದಟ್ ಡ್ರ್ಯಾಗನ್, ಕ್ಯಾನ್ಸರ್ ಅನ್ನುವ ಆಟ ಬಂತು. ಕ್ಯಾನ್ಸರ್‌ನಿಂದ ತೀರಿಕೊಂಡ ತಮ್ಮ ಪುಟ್ಟ ಮಗನ ಬಗ್ಗೆ ಅಪ್ಪ ಅಮ್ಮನೇ ಮಾಡಿದ ಆಟ ಅದು. ಅಲ್ಲಿ ಮಗುವನ್ನು ಉಳಿಸುವ ಗುಂಡಿಯೊಂದನ್ನು ಇಟ್ಟಿದ್ದರೆ ಆ ಮಗುವಿಗೇ ಅವಮಾನ ಆಗುತ್ತಿತ್ತು. ಆದರೆ ಆ ಆಟ “ಉಳಿಸ್ತೀಯಾ?” ಅಂತ ನಮ್ಮನ್ನು ಕೇಳುವುದೇ ಇಲ್ಲ. ಜೊತೆಗೆ ಕೂರು ಅನ್ನುತ್ತದೆ. ಕೇಳದೇ ಇದ್ದರೆ ಕೊಡಬೇಕಾಗಿಲ್ಲ. ಕೇಳಿದ ಮೇಲೆ ಕೊಡಬೇಕು. ನಾನು ಕೇಳಿದ್ದೆ.

ಹಾಗಾಗಿ ಎರಡನೇ ಪ್ರತಿ ಬರೆದೆ. ತಮ್ಮ ಮನೆಗೆ ಬರುವ ಒಂದು ಕೊನೆ ಸೇರಿಸಿದೆ. ಅದಕ್ಕೆ ಹನ್ನೊಂದು ಆಯ್ಕೆ ಸರಿಯಾಗಿ ಬೀಳಬೇಕು. ಒಂದು ತಪ್ಪಿದರೂ ಬಸ್ ಹೊರಟುಹೋಗುತ್ತದೆ. ಕಷ್ಟಪಟ್ಟವರಿಗೆ ಸಿಗಲಿ, ಆಗಲೇ ಬೆಲೆ ಅಂದುಕೊಂಡೆ. ಆಗ ನಾನು ಟ್ವೈನ್ ಅನ್ನುವ, ಆಯ್ಕೆಗಳಿರುವ ಕತೆ ಬರೆಯುವ ಸಾಫ್ಟ್‌ವೇರ್‌ನಲ್ಲಿ ಬರೆಯುತ್ತಿದ್ದೆ. ಅದರಲ್ಲಿ ಪ್ರತಿ ದೃಶ್ಯವೂ ಒಂದು ಚೌಕ, ಚೌಕದಿಂದ ಚೌಕಕ್ಕೆ ಬಾಣ. ಪರದೆ ಮೇಲೆ ನೋಡಿದರೆ ಬಾಣಗಳೆಲ್ಲ ಬಲಗಡೆಯ ಮೂಲೆಯಲ್ಲಿದ್ದ ಬಸ್ ಸ್ಟ್ಯಾಂಡಿನ ಚೌಕಕ್ಕೆ ಹೋಗಿ ಬೀಳುತ್ತಿದ್ದವು. ಮನೆಯ ಚೌಕಕ್ಕೆ ಹೋಗುತ್ತಿದ್ದದ್ದು ಒಂದೇ ಒಂದು ಬಾಣ. ಆ ಚಿತ್ರವನ್ನು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಎಂಟು ಜನರಿಗೆ ಆಡಲು ಕೊಟ್ಟೆ. ಒಬ್ಬರಿಗೂ ಆ ಕೊನೆ ಮೊದಲ ಸಲ ಸಿಗಲಿಲ್ಲ. ಅದು ದೊಡ್ಡ ಮಾತಲ್ಲ. ಎರಡನೇ ಸಲ ಆಡಲು ಕೂತಾಗ ಅವರು ಬೇರೆಯೇ ಮನುಷ್ಯರಾಗಿದ್ದರು. ಒಬ್ಬ ಹುಡುಗ ಪಕ್ಕದಲ್ಲಿ ಹಾಳೆ ಇಟ್ಟುಕೊಂಡು ಪಟ್ಟಿ ಬರೆಯತೊಡಗಿದ. ಪ್ರತಿ ಆಯ್ಕೆಗೆ ಮುಂಚೆ ಸೇವ್, ತಮ್ಮನ ಉತ್ತರ ಸ್ವಲ್ಪ ಬಿರುಸಾಗಿ ಬಂದರೆ ತಕ್ಷಣ ರೀಲೋಡ್, ಅಂದರೆ ಸೇವ್ ಮಾಡಿದ ಕಡೆಗೇ ವಾಪಸ್. ತಮ್ಮ ಫೋನಿನಲ್ಲಿ ಅಳುವ ಒಂದು ದೃಶ್ಯವಿದೆ. ಅದನ್ನು ಬರೆಯಲು ನನಗೆ ಒಂದು ವಾರ ಹಿಡಿದಿತ್ತು. ಅವನು ಓದದೆ ದಾಟಿಸಿ, “ಇಲ್ಲಿ ಎರಡನೇದು ಸರಿ ಅಲ್ವಾ?” ಅಂತ ನನ್ನನ್ನೇ ಕೇಳಿದ. ತಪ್ಪು ಅವನದಲ್ಲ. ಸರಿ ಉತ್ತರ ಒಂದೇ ಇರುವ ಕಡೆ ಯಾರೇ ಆದರೂ ಉತ್ತರವನ್ನೇ ಹುಡುಕುತ್ತಾರೆ. ನಾನು ಅಕ್ಕ ತಮ್ಮನ ಕತೆಯನ್ನು ಪರೀಕ್ಷೆ ಮಾಡಿಬಿಟ್ಟಿದ್ದೆ. ಉಳಿದ ಕೊನೆಗಳನ್ನೆಲ್ಲ ಅವರು “ಫೇಲ್” ಅಂತಲೇ ಕರೆದರು. ಅದರಲ್ಲಿ ಒಂದು ನನಗೆ ತುಂಬಾ ಇಷ್ಟವಾದ ಕೊನೆ.

ಇನ್ನೂ ಒಂದು ತೊಂದರೆ. ಡೈರಿ ಓದುವ ಆಯ್ಕೆ ಮೊದಲ ದಿನವೇ ಬರುತ್ತದೆ. ಓದಿದರೆ ಸುಖದ ದಾರಿ ಅಲ್ಲಿಗೇ ಬಂದ್. ಆಡುವವರಿಗೆ ಅದು ಗೊತ್ತಾಗುವುದು ಏಳನೇ ದಿನ, ಅದೂ ಗೊತ್ತಾದರೆ. ತಮ್ಮ ಎಲ್ಲಿದ್ದಾನೋ ಅನ್ನುವ ಭಯದಲ್ಲಿ ಡೈರಿ ತೆರೆದ ಅಕ್ಕನನ್ನು ಇಡೀ ಆಟ ಮುಗಿಯುವವರೆಗೂ ಕ್ಷಮಿಸದೆ ಇರುವುದು ಯಾವ ನ್ಯಾಯ?

ಈ ಹೊತ್ತಿನಲ್ಲಿ ಬೇರೆಯವರು ಎಡವಿದ ಕಡೆ, ಗೆದ್ದ ಕಡೆ ಎರಡನ್ನೂ ಹತ್ತಿರದಿಂದ ನೋಡಿದೆ. ಮಾಸ್ ಎಫೆಕ್ಟ್ 3 ಬಂದದ್ದು 2012ರ ಮಾರ್ಚ್‌ನಲ್ಲಿ. 2007ರಿಂದ ಮೂರು ಆಟಗಳ ಉದ್ದಕ್ಕೂ ಮಾಡಿಕೊಂಡು ಬಂದ ಆಯ್ಕೆಗಳೆಲ್ಲ ಕೊನೆಗೆ ಬಣ್ಣ ಮಾತ್ರ ಬೇರೆಯಾದ ಒಂದೇ ಥರದ ದೃಶ್ಯಗಳಾಗಿ ಮುಗಿದವು ಅಂತ ಆಡಿದವರು ಸಿಟ್ಟಾದರು. ಜೂನ್ 26ಕ್ಕೆ ಬಯೋವೇರ್ ಕಂಪನಿ ಕೊನೆಯನ್ನು ಹಿಗ್ಗಿಸಿ ಉಚಿತವಾಗಿ ಕೊಟ್ಟಿತು. ಅದರಲ್ಲಿ ಎಲ್ಲವೂ ಸುಖವಾಗಲಿಲ್ಲ. ಜೊತೆಯಲ್ಲಿದ್ದವರು ಏನಾದರು, ಊರುಗಳು ಏನಾದವು ಅಂತ ತೋರಿಸಿದರು, ಅಷ್ಟೇ. ಅಷ್ಟಕ್ಕೇ ಎಷ್ಟೋ ಜನರಿಗೆ ಸಮಾಧಾನ ಆಯಿತು. ಜನ ಬರೀ ಸುಖ ಕೇಳುತ್ತಿರಲಿಲ್ಲ. ನಾನು ಮಾಡಿದ್ದು ನಿನಗೆ ನೆನಪಿದೆಯಾ ಅಂತ ಆಟವನ್ನು ಕೇಳುತ್ತಿದ್ದರು.

ಫಾಲೌಟ್ 3 ಇನ್ನೂ ನೇರವಾದ ಉದಾಹರಣೆ. 2008ರ ಆಟ. ಕೊನೆಯಲ್ಲಿ ಒಬ್ಬರು ವಿಕಿರಣ ತುಂಬಿದ ಕೋಣೆಗೆ ಹೋಗಿ ಯಂತ್ರ ಶುರು ಮಾಡಬೇಕು, ಹೋದವರು ಸಾಯುತ್ತಾರೆ. ವಿಕಿರಣ ಏನೂ ಮಾಡಲಾಗದ ಜೊತೆಗಾರ ಫಾಕ್ಸ್ ನಿಮ್ಮ ಪಕ್ಕದಲ್ಲೇ ನಿಂತಿರಬಹುದು. ಹೋಗು ಅಂದರೆ, ಇದು ನಿನ್ನ ಹಣೆಬರಹ, ನಾನು ನಡುವೆ ಬರುವುದಿಲ್ಲ ಅನ್ನುತ್ತಾನೆ! ಮುಂದಿನ ವರ್ಷ ಆ ಆಟಕ್ಕೆ ಸೇರಿಸಿದ ಬ್ರೋಕನ್ ಸ್ಟೀಲ್ ಅನ್ನುವ ಭಾಗದಲ್ಲಿ ಅವನನ್ನು ಕಳಿಸುವ ದಾರಿ ಕೊಟ್ಟರು, ಕತೆಯನ್ನೂ ಮುಂದುವರಿಸಿದರು. ಕಣ್ಣೆದುರಿಗೇ ದಾರಿ ಇದ್ದೂ ಬರೆದವರು ಅದನ್ನು ಮುಚ್ಚಿದರೆ, ಅಲ್ಲಿ ಹುಟ್ಟುವುದು ಕಣ್ಣೀರಲ್ಲ, ಕೋಪ.

ಇನ್ನು 2015ರ ಅಂಡರ್‌ಟೇಲ್. ಯಾರನ್ನೂ ಕೊಲ್ಲದೆ ಮುಗಿಸುವವರಿಗೆ ಅದು ಧಾರಾಳವಾಗಿ ಸುಖದ ಕೊನೆ ಕೊಡುತ್ತದೆ. ಆದರೆ ಒಮ್ಮೆ ಎಲ್ಲರನ್ನೂ ಕೊಂದು ಮುಗಿಸಿದ್ದರೆ, ಆಮೇಲೆ ಹೊಸದಾಗಿ ಶುರು ಮಾಡಿ ಒಳ್ಳೆಯ ದಾರಿಯಲ್ಲಿ ಹೋದರೂ ಆ ಕೊನೆ ಮೊದಲಿನ ಹಾಗೆ ಇರುವುದಿಲ್ಲ. ಅದಕ್ಕೆ ನೆನಪಿದೆ. ಅಲ್ಲಿ ಸುಖಕ್ಕೆ ಬೆಲೆ ಬಂದದ್ದು ಅದು ಅಪರೂಪ ಅನ್ನುವ ಕಾರಣಕ್ಕಲ್ಲ. ನೀವು ಹೇಗೆ ನಡೆದುಕೊಂಡಿರಿ ಅನ್ನುವುದು ಅದರಲ್ಲಿ ಸೇರಿರುತ್ತದೆ, ಅದಕ್ಕೆ.

ಮೂರನೇ ಪ್ರತಿಯನ್ನು ಇಂಕ್ ಅನ್ನುವ, ಇಂಥ ಕತೆಗಳಿಗೇ ಇರುವ ಇನ್ನೊಂದು ಸಾಧನದಲ್ಲಿ ಮೊದಲಿನಿಂದ ಬರೆದೆ. ಹಳೆಯದರಲ್ಲಿ “ಸರಿ ಆಯ್ಕೆ” ಅನ್ನುವ ಒಂದೇ ಎಣಿಕೆ ಇತ್ತು. ಅದನ್ನು ತೆಗೆದು ಎರಡು ಇಟ್ಟೆ. ಒಂದು, ಅಕ್ಕನಿಗೆ ತಮ್ಮನ ಬಗ್ಗೆ ಎಷ್ಟು ಗೊತ್ತಾಗಿದೆ. ಇನ್ನೊಂದು, ತಮ್ಮನಿಗೆ ಅಕ್ಕನ ಮೇಲೆ ಎಷ್ಟು ನಂಬಿಕೆ ಉಳಿದಿದೆ. ಡೈರಿ ಓದಿದರೆ ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ. ಓದದಿದ್ದರೆ ನಂಬಿಕೆ ಉಳಿಯುತ್ತದೆ. ಆದರೆ ಅವನಿರುವ ಜಾಗ ಸಿಗುವುದು ತಡವಾಗುತ್ತದೆ, ಅಷ್ಟರಲ್ಲಿ ಅವನು ಒಂದು ರಾತ್ರಿ ಒಬ್ಬನೇ ಆಸ್ಪತ್ರೆಯಲ್ಲಿ ಕಳೆದಿರುತ್ತಾನೆ. ಎರಡೂ ದಾರಿಯಲ್ಲಿ ಏನೋ ಒಂದು ಕಳೆದುಹೋಗುತ್ತದೆ. ಎರಡರಿಂದಲೂ ಮನೆ ತಲುಪಬಹುದು.

ಐದನೇ ದಿನ ಹೊಸದೊಂದು ದೃಶ್ಯ ಸೇರಿಸಿದೆ. ಡೈರಿ ಓದಿದ್ದನ್ನು ಅಕ್ಕ ಒಪ್ಪಿಕೊಳ್ಳಬಹುದು. ಒಪ್ಪಿಕೊಂಡರೆ ತಮ್ಮ ಕೂಗಾಡಿ ಫೋನ್ ಇಟ್ಟುಬಿಡುತ್ತಾನೆ. ಆ ಕ್ಷಣದಲ್ಲಿ ಆಡುವವರಿಗೆ ಎಲ್ಲ ಹಾಳಾಯಿತು ಅನ್ನಿಸಬೇಕು. ಒಂದು ದಿನ ಪೂರ್ತಿ ಅವನಿಂದ ಏನೂ ಬರುವುದಿಲ್ಲ. ಆರನೇ ದಿನ ರಾತ್ರಿ ಒಂದು ಮೆಸೇಜ್ ಬರುತ್ತದೆ: “ಕೊನೇ ಪುಟಾನೂ ಓದಿದ್ಯಾ?” ಇಲ್ಲಿಂದ ದಾರಿ ಮತ್ತೆ ತೆರೆಯುತ್ತದೆ. ಅವನು ಫೋನ್ ಇಟ್ಟ ತಕ್ಷಣ ರೀಲೋಡ್ ಮಾಡಿದವರಿಗೆ ಈ ಮೆಸೇಜ್ ಬರುತ್ತದೆ ಅಂತ ಗೊತ್ತೇ ಆಗುವುದಿಲ್ಲ. ಕಾಯಬೇಕು. ಹಾಳೆಯಲ್ಲಿ ಪಟ್ಟಿ ಬರೆಯುತ್ತಿದ್ದ ಆ ಹುಡುಗನಿಗಾಗಿಯೇ ಬರೆದ ದೃಶ್ಯ ಅದು.

ದುಃಖದ ಕೊನೆಯನ್ನು ತೆಗೆಯಲಿಲ್ಲ. ಬಸ್ ತಪ್ಪುವ ಸಾಧ್ಯತೆ ಇಲ್ಲದಿದ್ದರೆ ಬಸ್ಸಿನಿಂದ ಅವನು ಇಳಿದು ಬರುವುದಕ್ಕೆ ಏನು ಅರ್ಥ? ಆದರೆ ಒಂದು ಲೆಕ್ಕ ನೋಡಿದೆ. 2015ರ ಲೈಫ್ ಈಸ್ ಸ್ಟ್ರೇಂಜ್ ಆಟದಲ್ಲಿ ಕೊನೆಗೆ ಎರಡು ಆಯ್ಕೆ. ಗೆಳತಿ ಕ್ಲೋಯಿ ಉಳಿಯಬೇಕಾ, ಊರು ಉಳಿಯಬೇಕಾ. ಊರನ್ನು ಆರಿಸಿದವರಿಗೆ ಸಿಗುವ ದೃಶ್ಯ ಉದ್ದ, ಕ್ಲೋಯಿಯನ್ನು ಆರಿಸಿದವರಿಗೆ ಸಿಗುವುದು ಗಿಡ್ಡ. ಆಟ ಬಾಯಿಬಿಟ್ಟು ಹೇಳದಿದ್ದರೂ, ಬರೆದವರ ಮನಸ್ಸು ಯಾವ ಕಡೆ ಇತ್ತು ಅಂತ ನನಗೆ ಆ ಉದ್ದವೇ ಹೇಳಿತು. ಹಾಗಾಗಿ ನನ್ನ ಕೊನೆಗಳ ಪದಗಳನ್ನು ಎಣಿಸಿದೆ. ಮನೆಗೆ ಬರುವ ಕೊನೆ 1,400 ಪದ. ಬಸ್ ತಪ್ಪುವ ಕೊನೆ ಬರೀ 300. ಸೋತವರನ್ನು ಬೇಗ ಬೇಗ ಹೊರಗೆ ಕಳಿಸುತ್ತಿದ್ದೆ. ಬಸ್ ತಪ್ಪಿದ ಅಕ್ಕನ ಜೊತೆ ನಾನೂ ಬೆಂಚಿನ ಮೇಲೆ ಕೂತೆ. ಅವಳು ಆ ರಾತ್ರಿ ಯಾರಿಗೆ ಫೋನ್ ಮಾಡುತ್ತಾಳೆ, ನೀವು ಐದು ದಿನದ ಹಿಂದೆ ಚೆನ್ನಾಗಿ ಮಾತಾಡಿಸಿದ್ದ ತಮ್ಮನ ಗೆಳೆಯ ಅವಳನ್ನು ಮನೆಗೆ ಬಿಡಲು ಬರುತ್ತಾನಾ, ಇದನ್ನೆಲ್ಲ ಬರೆದೆ. ಈಗ ಅದನ್ನು ಯಾರೂ ಫೇಲ್ ಅನ್ನುವುದಿಲ್ಲ.

ಸುಖದ ಕೊನೆ ಮಾತ್ರ ಮತ್ತೆ ಕಾಡಿತು. ಮೂರನೇ ಪ್ರತಿಯಲ್ಲಿ ಅಕ್ಕ ಬಸ್ ಸ್ಟ್ಯಾಂಡಿನಲ್ಲಿ ತಮ್ಮನಿಗೆ ಬೀಗದ ಕೈ ಕೊಡುತ್ತಾಳೆ. ಬಾ ಅಂತ ಕರೆಯಬಹುದು, ಏನೂ ಹೇಳದೆ ಇರಬಹುದು. ಅವನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಪರದೆ ಕಪ್ಪಾಗುತ್ತದೆ. ಬರುತ್ತಾನೋ ಇಲ್ಲವೋ, ಆಡುವವರೇ ಊಹಿಸಲಿ ಅಂತ ಬಿಟ್ಟಿದ್ದೆ. ಅದು ಸೂಕ್ಷ್ಮವಾಗಿದೆ, ಚೆನ್ನಾಗಿದೆ ಅಂತ ನನಗೆ ಅನ್ನಿಸಿತ್ತು. ಗೆಳತಿ ಮತ್ತೆ ಆಡಿದಳು. ಕಪ್ಪು ಪರದೆಯನ್ನು ನೋಡುತ್ತಾ ತುಂಬಾ ಹೊತ್ತು ಕೂತಳು. ಆಮೇಲೆ ಮೆಲ್ಲಗೆ, “ಬಂದ್ನಾ?” ಅಂದಳು.

ನನಗೆ ಉತ್ತರ ಗೊತ್ತಿತ್ತು. ಬಂದ. ನನ್ನ ಮನಸ್ಸಿನಲ್ಲಿ ಅವನು ಯಾವತ್ತೋ ಬಂದಿದ್ದ. ಮೊದಲ ಪ್ರತಿಯಲ್ಲಿ ಇದ್ದ ಅದೇ ಭಯ ಇಲ್ಲಿಯೂ ಅಡಗಿ ಕೂತಿತ್ತು. ಸುಖ ಬರೆದರೆ ಹಗುರ ಆಗಿಬಿಡುತ್ತೇನೆ ಅನ್ನುವ ಭಯ. ಮೂರು ಪ್ರತಿ ಬರೆದರೂ ಅದು ಹೋಗಿರಲಿಲ್ಲ. ನಾನು ಅಸ್ಪಷ್ಟವಾಗಿ ಬಿಟ್ಟದ್ದು ಕತೆಗೆ ಬೇಕು ಅಂತಲ್ಲ, ನನ್ನನ್ನು ಕಾಪಾಡಿಕೊಳ್ಳುವುದಕ್ಕೆ.

ಅವನು ಮನೆಗೆ ಬರುವ ದೃಶ್ಯವನ್ನು ಬರೆದು ನೋಡಿದೆ. ಅಪ್ಪಿಕೊಳ್ಳುವುದು, ಮಾತು, ಕಣ್ಣೀರು. ಎಲ್ಲ ಜಾಸ್ತಿ ಅನ್ನಿಸಿತು. ಒಂದೊಂದೇ ತೆಗೆಯುತ್ತಾ ಹೋದೆ. ಕೊನೆಗೆ ಉಳಿದದ್ದು ಒಂದು ಶಬ್ದ. ಪರದೆ ಕಪ್ಪಾಗಿ ನಾಲ್ಕು ಸೆಕೆಂಡ್ ಆದ ಮೇಲೆ, ಹೊರಗಿನಿಂದ ಬೀಗ ತೆಗೆಯುವ ಶಬ್ದ.

ನನ್ನ ಮನೆಯ ಬಾಗಿಲಲ್ಲೇ ರೆಕಾರ್ಡ್ ಮಾಡಿದೆ. ಹದಿನಾರು ಸಲ ತೆಗೆದೆ, ಹಾಕಿದೆ. ಹದಿನೈದು ಸಲ ಚೆನ್ನಾಗಿಯೇ ಬಂದಿತ್ತು, ಆದರೆ ಯಾರೋ ದಿನಾ ಮನೆಗೆ ಬರುವವರು ತೆಗೆದ ಹಾಗೆ ಕೇಳುತ್ತಿತ್ತು. ಒಂದು ಸಲ ಕೈ ತಪ್ಪಿ ಉಲ್ಟಾ ತಿರುಗಿಸಿದ್ದೆ. ಟಕ್ ಅಂತ ತಡೆಯುತ್ತದೆ. ಒಂದು ಕ್ಷಣ ನಿಲ್ಲುತ್ತದೆ. ಆಮೇಲೆ ಸರಿಯಾದ ಕಡೆ ತಿರುಗುತ್ತದೆ. ತುಂಬಾ ದಿನ ಆದಮೇಲೆ ಬಂದವನಿಗೆ ಬೀಗ ಯಾವ ಕಡೆ ತಿರುಗುತ್ತದೆ ಅನ್ನುವುದು ಮರೆತುಹೋಗಿರುತ್ತದೆ ಅಲ್ವಾ? ಆಟದಲ್ಲಿ ಈಗ ಇರುವುದು ಅದೇ.