ಎತ್ತರಿಸಿದ ಜಿಪ್ಸಿಯ ಸ್ಟೇರಿಂಗ್ ನಡುಕ: ನಾನು ಹುಡುಕಿದ ಬಗೆ

ಎತ್ತರಿಸಿದ ಮಾರುತಿ ಜಿಪ್ಸಿಯ ಸ್ಟೇರಿಂಗ್ ನಡುಗುತ್ತದೆ ಎಂದರೆ ಪುಣೆಯಲ್ಲಿ ಯಾರನ್ನು ಕೇಳಿದರೂ ಸಿಗುವ ಸಲಹೆ ಒಂದೇ: ಹೊಸ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗಿನ ಹೊಡೆತ ತಡೆಯುವ ಶಾಕ್ ಅಬ್ಸಾರ್ಬರ್) ಹಾಕಿಸಿ. ನಾನು ಇದ್ದ ಡ್ಯಾಂಪರನ್ನೂ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ತಳ್ಳಿದೆ. ಅದು ನಡುಕವನ್ನು ಅಡಗಿಸುತ್ತದೆ, ಕಾರಣವನ್ನು ತೋರಿಸುವುದಿಲ್ಲ. ಅದು ಕೂತಿರುವಷ್ಟು ಹೊತ್ತು ಸಡಿಲವಾಗಿರುವುದು ಯಾವುದೆಂದು ಗೊತ್ತಾಗುವುದೇ ಇಲ್ಲ.

ಗಾಡಿಯನ್ನು ಕೊಂಡಾಗಲೇ ಹಿಂದಿನ ಮಾಲೀಕ ಉದ್ದನೆಯ ಶ್ಯಾಕಲ್ (ಪಾಟಾ ಎಂಬ ಪಟ್ಟಿ ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ), 235/75 ಆರ್15 ಟೈರು, ಹೊರಕ್ಕೆ ಚಾಚಿದ ರಿಮ್ಮು ಎಲ್ಲವನ್ನೂ ಹಾಕಿಸಿದ್ದ. (ಇಂಥ ಬದಲಾವಣೆಗಳ ವಿಷಯದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಗಿಯಾಗಿದೆ, ಹೊಸದಾಗಿ ಮಾಡಿಸುವವರು ಮೊದಲು ಅದನ್ನು ಓದಿಕೊಳ್ಳುವುದು ಒಳ್ಳೆಯದು.)

ಸ್ಪ್ಯಾನರ್ ಹಿಡಿಯುವ ಮುನ್ನ ನಡುಕ ಯಾವಾಗ ಬರುತ್ತದೆ ಎಂಬುದನ್ನು ನೋಡಬೇಕು. ನುಣುಪಾದ ರಸ್ತೆಯಲ್ಲಿ 80ರ ಆಸುಪಾಸಿನಲ್ಲಿ ಶುರುವಾಗಿ, ವೇಗ ಹೆಚ್ಚಿಸಿದರೆ ತಾನಾಗಿ ಕರಗುವ ನಡುಕವಾದರೆ ಸಾಮಾನ್ಯವಾಗಿ ಟೈರು, ರಿಮ್ಮಿನ ಬ್ಯಾಲೆನ್ಸಿಂಗ್ ಕಡೆ ನೋಡಬೇಕು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಸೊಟ್ಟಗಾಗಿರಬಹುದು. ನನ್ನದು ಮೂರನೆಯ ಬಗೆ. ಕಾತ್ರಜ್‌–ದೇಹು ರಸ್ತೆ ಬೈಪಾಸ್‌ನಲ್ಲಿ ಸೇತುವೆಯ ಜಾಯಿಂಟ್ ಮೇಲೆ ಚಕ್ರ ಹಾರಿದೊಡನೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರು. ವೇಗವನ್ನು 40ಕ್ಕಿಂತ ಕೆಳಗಿಳಿಸುವ ತನಕ ನಿಲ್ಲುವುದಿಲ್ಲ. ಹೀಗಾದಾಗ ಸ್ಟೇರಿಂಗ್ ಜೊತೆ ಕುಸ್ತಿ ಹಿಡಿಯಬಾರದು. ಗಟ್ಟಿಯಾಗಿ ಹಿಡಿದುಕೊಂಡು, ಆಕ್ಸಿಲರೇಟರ್ ಬಿಟ್ಟು, ನಿಧಾನವಾಗಿ ವೇಗ ಇಳಿಸಬೇಕು.

ಆದರೂ ಮುಂದಿನ ಟೈರುಗಳನ್ನು ಹಿಂದಕ್ಕೆ ಹಾಕಿ ನೋಡಿದೆ, ಖರ್ಚಿಲ್ಲದ ಪರೀಕ್ಷೆಯಲ್ಲವೇ. ನಡುಕ ಕದಲಲಿಲ್ಲ. ಟೈರಿನ ತಕರಾರಾಗಿದ್ದರೆ ಅದು ಸ್ಟೇರಿಂಗ್ ಬಿಟ್ಟು ಸೀಟಿಗೆ ಬರಬೇಕಿತ್ತು.

ಭೋಸರಿಯಲ್ಲಿ ಗ್ಯಾರೇಜ್ ಇಟ್ಟಿರುವ ಕಾಕಾ ವಿಜಯಪುರದ ಕಡೆಯವರು. ಗಾಡಿ ನೆಲದ ಮೇಲೆ, ಎಂಜಿನ್ ಬಂದ್. ಅವರು ಸ್ಟೇರಿಂಗನ್ನು ಎಡಬಲಕ್ಕೆ ಸಣ್ಣಗೆ ಅಲ್ಲಾಡಿಸುತ್ತಾ ಕೂತರು, ನಾನು ಕೆಳಗೆ ಮಲಗಿ ಒಂದೊಂದು ಕೀಲಿನ ಮೇಲೆ ಬೆರಳಿಟ್ಟೆ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಸಿಗುತ್ತದೆ. ಸ್ಟೇರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು, ಅಂದರೆ ಡ್ರ್ಯಾಗ್ ಲಿಂಕಿನ ಒಂದು ಬಾಲ್ ಜಾಯಿಂಟ್ ಟಿಕ್ ಟಿಕ್ ಎನ್ನುತ್ತಿತ್ತು. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂರುವ ಬೋಲ್ಟುಗಳು ಗಟ್ಟಿಯಾಗಿದ್ದವು. ನಾನಾ ಪೇಟೆಯಿಂದ ಜಾಯಿಂಟ್ ತಂದು ಬದಲಿಸಿದೆವು. ನಡುಕ ಕೊಂಚ ತಗ್ಗಿತು, ಹೋಗಲಿಲ್ಲ.

ಆಮೇಲೆ ಮುಂದಿನ ಆಕ್ಸಲನ್ನು ಜ್ಯಾಕ್ ಮೇಲೆ ಎತ್ತಿ, ಚಕ್ರವನ್ನು ಗಡಿಯಾರದ 12 ಮತ್ತು 6ರ ಜಾಗದಲ್ಲಿ ಹಿಡಿದು ಅಲುಗಿಸಿದೆ. ಬಲಗಡೆ ಸ್ಪಷ್ಟ ಅಲುಗಾಟ. ಇಲ್ಲಿಗೇ ನಿಲ್ಲಿಸಿದರೆ ವೀಲ್ ಬೇರಿಂಗ್ ಬದಲಿಸಿ ದುಡ್ಡು ಕಳೆದುಕೊಳ್ಳುವ ಸಾಧ್ಯತೆ ಇದೆ. ಕಾಕಾ ಬ್ರೇಕ್ ಒತ್ತಿ ಹಿಡಿದು, “ಈಗ ಅಲುಗಿಸು ತಮ್ಮಾ” ಎಂದರು. ಬ್ರೇಕ್ ಒತ್ತಿದಾಗ ಚಕ್ರ ಕೂರುವ ಹಬ್, ಅದನ್ನು ಹೊತ್ತು ಎಡಬಲಕ್ಕೆ ತಿರುಗುವ ನಕಲ್‌ಗೆ (knuckle) ಬಿಗಿಯುತ್ತದೆ. ಸಡಿಲ ವೀಲ್ ಬೇರಿಂಗಿನದಾದರೆ ಮಾಯವಾಗಬೇಕು. ಆಗಲಿಲ್ಲ. ಅಂದರೆ ಸಡಿಲವಿರುವುದು ಕಿಂಗ್ ಪಿನ್ನಿನಲ್ಲಿ, ನಕಲ್ ತಿರುಗುವ ಗೂಟದಲ್ಲಿ.

ಎರಡೂ ಚಕ್ರಗಳನ್ನು ಜೋಡಿಸುವ ಟೈ ರಾಡ್ ಕಳಚಿ ನಕಲ್ ಅನ್ನು ಕೈಯಿಂದ ತಿರುಗಿಸಿದಾಗ ಅದು ನೇರ ಸ್ಥಾನಕ್ಕೆ ಬರುತ್ತಲೇ ಒಂದು ಹಳ್ಳದೊಳಗೆ ಕೂತಂತೆ ನಿಂತುಬಿಡುತ್ತಿತ್ತು. ಬಿಚ್ಚಿದೆವು. ಗ್ರೀಸು ಒಣಗಿ ಕಂದು ಬಣ್ಣದ ಹೆಂಟೆಯಾಗಿತ್ತು. ಕೆಳಗಿನ ಬೇರಿಂಗಿನ ರೇಸಿನಲ್ಲಿ (ರೋಲರು ಉರುಳುವ ಉಂಗುರದಲ್ಲಿ) ರೋಲರುಗಳು ಒತ್ತಿಕೊಂಡೇ ಇದ್ದು ಗೀರುಗಳಾಗಿದ್ದವು, ಉಗುರು ಆಡಿಸಿದರೆ ಒಂದೊಂದಕ್ಕೂ ತಡೆಯುತ್ತಿತ್ತು. ಗಾಡಿ ಹೆಚ್ಚಿನ ಸಮಯ ನೇರವಾಗಿಯೇ ಓಡುವುದರಿಂದ ಸವೆತ ಅದೇ ಜಾಗದಲ್ಲಿ ಬೀಳುತ್ತದೆ. ಎರಡೂ ಕಡೆಯ ನಾಲ್ಕು ಬೇರಿಂಗುಗಳನ್ನೂ ಬದಲಿಸಿ, ಶಿಮ್ಮುಗಳನ್ನು (ತೆಳು ಲೋಹದ ಬಿಲ್ಲೆಗಳನ್ನು) ಕಡಿಮೆ ಮಾಡುತ್ತಾ ಬಿಗಿ ಹೊಂದಿಸಿದೆವು. ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ಎರಡೂ ಬದಿ ಒಂದೇ ಬಲಕ್ಕೆ ತಿರುಗುತ್ತವೆಯೇ ಎಂದು ನೋಡುವುದು ಕಾಕಾ ಅವರ ರೂಢಿ. ಕೈಯಂದಾಜಿಗೆ ಇದನ್ನು ಬಿಡಬೇಡಿ. ಅತಿಯಾಗಿ ಬಿಗಿದರೆ ಸ್ಟೇರಿಂಗ್ ತಿರುವಿನಿಂದ ಹಿಂದಿರುಗುವುದೇ ಇಲ್ಲ.

ಆದರೆ ಕಿಂಗ್ ಪಿನ್ ಸವೆದ ಜಿಪ್ಸಿಗಳೆಲ್ಲ ಹೀಗೆ ಹೊಡೆದುಕೊಳ್ಳುವುದಿಲ್ಲವಲ್ಲ? ಉತ್ತರ ಅಲೈನ್‌ಮೆಂಟ್ ಅಂಗಡಿಯ ಚೀಟಿಯಲ್ಲಿ ಮೊದಲಿನಿಂದಲೂ ಇತ್ತು. ಕ್ಯಾಸ್ಟರ್ (ಚಕ್ರ ಎಡಬಲಕ್ಕೆ ತಿರುಗುವ ಗೂಟ ಹಿಂದಕ್ಕೆ ವಾಲಿರುವ ಕೋನ) ಕೆಂಪು ಬಣ್ಣದಲ್ಲಿ, 1 ಡಿಗ್ರಿಗಿಂತ ತುಸು ಮೇಲೆ. ಇರಬೇಕಾದದ್ದು ಸುಮಾರು 3.5. “ಅದು ಈ ಗಾಡಿಯಲ್ಲಿ ಅಡ್ಜಸ್ಟ್ ಆಗುವುದಿಲ್ಲ” ಎಂದು ಅಲ್ಲಿನ ಹುಡುಗ ಹೇಳಿದ್ದ. ಅವನ ಮಾತು ನಿಜ, ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಕೋನ) ಒಂದನ್ನು ಮಾತ್ರ ತಿರುಗಿಸಿ ಸರಿಪಡಿಸಬಹುದು. ಸೈಕಲ್ಲಿನ ಮುಂದಿನ ಫೋರ್ಕ್ ಹಿಂದಕ್ಕೆ ವಾಲಿರುವುದರಿಂದಲೂ ಕೈಬಿಟ್ಟು ಓಡಿಸಿದರೂ ಚಕ್ರ ನೇರವಾಗಿರಲು ನೋಡುತ್ತದೆ. ಕ್ಯಾಸ್ಟರ್ ಮಾಡುವ ಕೆಲಸವೂ ಅದೇ. ಜಿಪ್ಸಿಯ ಮುಂದಿನ ಪಾಟಾಗಳಿಗೆ ಶ್ಯಾಕಲ್ ಇರುವುದು ಮುಂಭಾಗದಲ್ಲಿ. ಅದನ್ನು ಉದ್ದ ಮಾಡಿದರೆ ಪಾಟಾದ ಮುಂತುದಿ ಕೆಳಗಿಳಿದು, ಆಕ್ಸಲ್ ಮುಂದಕ್ಕೆ ಬಾಗಿ, ಕ್ಯಾಸ್ಟರ್ ಕಳೆದುಹೋಗುತ್ತದೆ. ಗಾಡಿ ಏರುವುದಾದರೂ ಶ್ಯಾಕಲ್ ಹೆಚ್ಚಿದ್ದರ ಅರ್ಧದಷ್ಟು ಮಾತ್ರ. ಅಗ್ಗದ ಲಿಫ್ಟ್ ಎಂದು ಇದನ್ನು ಹೊಗಳುವವರಿಗೆ ಈ ಲೆಕ್ಕ ಕಾಣುವುದಿಲ್ಲ.

ಪಾಟಾ ಮತ್ತು ಆಕ್ಸಲ್ ನಡುವೆ 2 ಡಿಗ್ರಿಯ ಉಕ್ಕಿನ ಬೆಣೆ ಕೂರಿಸಿದೆವು, ದಪ್ಪ ತುದಿ ಮುಂದಕ್ಕೆ. ಅಲ್ಯೂಮಿನಿಯಂ ಬೆಣೆ ಅಗ್ಗ, ಆದರೆ ಬಿರುಕು ಬಿಡುತ್ತದೆ. ಇನ್ನೂ ಹೆಚ್ಚು ಬಾಗಿಸಲು ನನಗೆ ಆಸೆಯಿತ್ತು. ಕಾಕಾ ತಡೆದರು: ಆಕ್ಸಲ್ ಹಿಂದಕ್ಕೆ ಬಾಗಿದಷ್ಟೂ ಡಿಫರೆನ್ಶಿಯಲ್ಲಿನ ಮೂತಿ ಕೆಳಗಾಗಿ ಎಂಜಿನ್ ಬಲವನ್ನು ಮುಂದಿನ ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿಗೆ ಕೋನ ಹೆಚ್ಚುತ್ತದೆ, ಫೋರ್ ವೀಲ್ ಹಾಕಿದಾಗ ಬೇರೆಯದೇ ಅದುರಾಟ ಶುರುವಾಗುತ್ತದೆ.

ಡ್ಯಾಂಪರ್ ಇಲ್ಲದೆಯೇ ಅದೇ ಬೈಪಾಸ್, ಅದೇ ಜಾಯಿಂಟ್, ನಸುಕಿನಲ್ಲಿ, ರಸ್ತೆ ಖಾಲಿ ಇದ್ದಾಗ. ಸ್ಟೇರಿಂಗ್ ಒಮ್ಮೆ ಕುಲುಕಿ ಸುಮ್ಮನಾಯಿತು. ಆಮೇಲಷ್ಟೇ ಡ್ಯಾಂಪರನ್ನು ಮರಳಿ ಹಾಕಿಸಿದೆ. ತಾಮ್ಹಿಣಿ ಘಾಟಿಗೆ ಹೋಗಿಬಂದ ಮೇಲೆ ಪಾಟಾವನ್ನು ಆಕ್ಸಲ್ಲಿಗೆ ಹಿಡಿದಿಡುವ ಯು-ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿದೆ. ಬೆಣೆ ಕೂತುಕೊಂಡಂತೆ ಅವು ಸಡಿಲವಾಗಿದ್ದವು. 85ರಲ್ಲಿ ಸಣ್ಣ ನಡುಕ ಈಗಲೂ ಇದೆ. ಅದು ಒರಟು ಟೈರಿನದ್ದು, ಈ ಟೈರುಗಳು ಸವೆಯುವ ತನಕ ಇರಲಿ ಎಂದು ಬಿಟ್ಟಿದ್ದೇನೆ.