ಕೆಂಪು ಬಸ್ಸು, ನಾಲ್ಕು ಮೊಳೆ

ಏಳು ಅಂಗುಲ ಉದ್ದದ ಪೈನ್ ಮರದ ತುಂಡು, ನಾಲ್ಕು ಪ್ಲಾಸ್ಟಿಕ್ ಗಾಲಿ, ಅಚ್ಚಿನ ಕೆಲಸ ಮಾಡುವ ನಾಲ್ಕು ಮೊಳೆ. ಪೈನ್‌ವುಡ್ ಡರ್ಬಿಯ ಪೆಟ್ಟಿಗೆಯಲ್ಲಿ ಸಿಗುವುದು ಇಷ್ಟೇ. ಮಗುವೂ ಮನೆಯ ದೊಡ್ಡವರೊಬ್ಬರೂ ಸೇರಿ ಇದರಿಂದ ಒಂದು ಕಾರು ಮಾಡಬೇಕು. ಇಳಿಜಾರಿನ ನೆತ್ತಿಯಿಂದ ಬಿಟ್ಟರೆ ಅದು ತಾನಾಗಿ ಉರುಳಿ ಗುರಿ ಮುಟ್ಟಬೇಕು. ಎಂಜಿನ್ ಇಲ್ಲ, ಬ್ಯಾಟರಿ ಇಲ್ಲ, ಕೈಯಿಂದ ತಳ್ಳುವಂತಿಲ್ಲ. ಅಮೆರಿಕದ ಕಬ್ ಸ್ಕೌಟ್, ಅಂದರೆ ಸ್ಕೌಟ್ ಚಳವಳಿಯ ಚಿಕ್ಕ ಮಕ್ಕಳ ಈ ಸ್ಪರ್ಧೆ ಶುರುವಾದದ್ದು 1953ರಲ್ಲಿ, ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್ ಎಂಬ ಊರಿನಲ್ಲಿ. ಮಕ್ಕಳೇ ಒಳಗೆ ಕುಳಿತು ಓಡಿಸುವ ಸೋಪ್‌ಬಾಕ್ಸ್ ಡರ್ಬಿಗೆ ತನ್ನ ಮಗನಿಗೆ ಇನ್ನೂ ವಯಸ್ಸು ಸಾಲದು ಎಂದು ಅಲ್ಲಿನ ಕಬ್ ಮಾಸ್ಟರ್ ಡಾನ್ ಮರ್ಫಿ ಕಂಡುಕೊಂಡ ದಾರಿ ಇದು.

ನಾವಿರುವುದು ಮಿಷಿಗನ್‌ನಲ್ಲಿ. 2018ರಿಂದ ದೇಶದ ಎಲ್ಲೆಡೆ ಹೆಣ್ಣುಮಕ್ಕಳನ್ನೂ ಕಬ್ ಸ್ಕೌಟ್‌ಗೆ ಸೇರಿಸಿಕೊಳ್ಳುತ್ತಿದ್ದಾರೆ. ಮೂರನೆಯ ತರಗತಿಯ ನನ್ನ ಮಗಳು ಅಲ್ಲಿ ಅವಳ ತರಗತಿಯ ಮಕ್ಕಳ ಪುಟ್ಟ ಗುಂಪಾದ ಬೇರ್ ಡೆನ್‌ನಲ್ಲಿದ್ದಾಳೆ. ಸ್ಪರ್ಧೆಯ ದಿನ ಮೇಜಿನ ಮೇಲೆ ಸಾಲಾಗಿ ನಿಂತ ಕಾರುಗಳನ್ನು ನೋಡಿದರೆ ಯಾವುದನ್ನು ಮಗು ಮಾಡಿದೆ, ಯಾವುದನ್ನು ಅಪ್ಪ ಮಾಡಿದ್ದಾನೆ ಎಂಬುದು ದೂರದಿಂದಲೇ ಗೊತ್ತಾಗುತ್ತದೆ. ಗೆಲ್ಲಬೇಕೆಂದರೆ ದೊಡ್ಡವರೇ ಮಾಡಬೇಕು ಎಂಬ ನಂಬಿಕೆ ಬಲವಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಈ ಕಾರಿನ ವೇಗ ಇರುವುದು ಮೊಳೆಯ ನುಣುಪಿನಲ್ಲಿ, ಗಾಲಿಯ ನೇರದಲ್ಲಿ, ತೂಕ ಕುಳಿತ ಜಾಗದಲ್ಲಿ. ಉಜ್ಜುವುದು, ತೂಗುವುದು, ಅಳೆಯುವುದು ಎಂಟು ವರ್ಷದ ಮಗುವಿನ ಕೈಗೆ ಚೆನ್ನಾಗಿ ಒಗ್ಗುವ ಕೆಲಸಗಳು. ಆದ್ದರಿಂದ ನಮ್ಮ ಮನೆಯಲ್ಲಿ ಕೆಲಸ ಹಂಚಿಕೊಂಡದ್ದು ಹೀಗೆ: ಕತ್ತರಿಸುವುದು, ಕೊರೆಯುವುದು ನನಗೆ, ಉಳಿದದ್ದೆಲ್ಲ ಅವಳಿಗೆ. ಆಕಾರವಂತೂ ಪೂರ್ತಿ ಅವಳದೇ.

ಅವಳು ಬರೆದದ್ದು ಬಸ್ಸಿನ ಚಿತ್ರ. ಸಕಲೇಶಪುರದ ಅಜ್ಜಿಯ ಮನೆಗೆ ಹಾಸನದಿಂದ ಹೋಗುವಾಗ ಹತ್ತಿದ್ದ ಕೆಂಪು ಬಸ್ಸು, ನೆತ್ತಿಯ ಮೇಲೆ ‘ಕರ್ನಾಟಕ ಸಾರಿಗೆ’ ಎಂದು ಬರೆದದ್ದು. ಡರ್ಬಿ ಬಲ್ಲವರು ಯಾರೂ ಮರದ ತುಂಡನ್ನು ಇಡಿಯಾಗಿ ಉಳಿಸುವುದಿಲ್ಲ. ಮುಂದೆ ತೆಳ್ಳಗೆ, ಹಿಂದೆ ಸ್ವಲ್ಪ ದಪ್ಪ ಎನ್ನುವ ಹಾಗೆ ಬೆಣೆಯಾಗಿ ಸೀಳುತ್ತಾರೆ. ಕಾರಣ ಗಾಳಿಗಿಂತ ಹೆಚ್ಚಾಗಿ ತೂಕ. ಕಾರಿನ ಒಟ್ಟು ತೂಕ 5 ಔನ್ಸ್, ಅಂದರೆ 141.7 ಗ್ರಾಂ ಮೀರುವಂತಿಲ್ಲ. ಮರವನ್ನು ಕಡಿಮೆ ಮಾಡಿದಷ್ಟೂ ನಮಗೆ ಬೇಕಾದ ಜಾಗದಲ್ಲಿ ಲೋಹ ಇಡುವ ಅವಕಾಶ ಹೆಚ್ಚುತ್ತದೆ. ನಮಗೆ ಸಿಕ್ಕ ತುಂಡೇ 105 ಗ್ರಾಂ ಇತ್ತು. ಗಾಲಿ, ಮೊಳೆ ಸೇರಿದರೆ ಲೋಹಕ್ಕೆ ಉಳಿಯುವುದು 20 ಗ್ರಾಂನಷ್ಟು ಮಾತ್ರ. ಅಷ್ಟು ಸಾಲದು.

ಹಾಗೆಂದು ಬಸ್ಸನ್ನು ಬೆಣೆ ಮಾಡು ಎಂದು ಮಗುವಿಗೆ ಹೇಳಲಾಗುತ್ತದೆಯೇ? ಬಸ್ಸಿನ ಹೊಟ್ಟೆಯನ್ನೇ ಟೊಳ್ಳು ಮಾಡಲು ನಿರ್ಧರಿಸಿದೆವು. ತುಂಡನ್ನು ಮಗುಚಿ, ಸುತ್ತಲೂ ಕಾಲು ಅಂಗುಲದ ಗೋಡೆ ಬಿಟ್ಟು, ಅಚ್ಚು ಕೂರುವ ಎರಡು ತೋಡುಗಳ ಅಕ್ಕಪಕ್ಕ ಮರ ಗಟ್ಟಿಯಾಗಿ ಉಳಿಯುವಂತೆ ಅವಳು ಪೆನ್ಸಿಲಿನಿಂದ ಗೆರೆ ಎಳೆದಳು. ವೈಸಿಗೆ ಕಚ್ಚಿಸಿ ಅಗಲ ಬಾಯಿಯ ಡ್ರಿಲ್ ಬಿಟ್‌ನಿಂದ ನಾನು ಕೊರೆದೆ. ಆಳ ಎಲ್ಲೂ ತಪ್ಪದಿರಲೆಂದು ಬಿಟ್‌ಗೆ ಬಣ್ಣದ ಟೇಪ್ ಸುತ್ತಿದ್ದೆವು. ಕೊರೆದ ಹೊಟ್ಟನ್ನೆಲ್ಲ ಅವಳು ಅಡುಗೆಮನೆಯ ತೂಕದ ಯಂತ್ರದ ಮೇಲೆ ಸುರಿದು ಬರೆದಿಟ್ಟುಕೊಳ್ಳುತ್ತಿದ್ದಳು. 30 ಗ್ರಾಂ ಇಳಿದಾಗ ನಿಲ್ಲಿಸಿದೆವು. ಈಗ ಲೋಹಕ್ಕೆ 50 ಗ್ರಾಂ ಸಿಕ್ಕಿತು, ಹೊರಗಿನಿಂದ ನೋಡಿದರೆ ಬಸ್ಸು ಬಸ್ಸಾಗಿಯೇ ಇತ್ತು.

ಲೋಹ ಎಂದರೆ ಮೊದಲು ನೆನಪಾಗುವುದು ಸೀಸ. ಮಗು ಮುಟ್ಟುವ ವಸ್ತುವಿನಲ್ಲಿ ಸೀಸ ನನಗೆ ಬೇಡ, ಅದು ವಿಷ. ಟಂಗ್‌ಸ್ಟನ್ ದುಬಾರಿ, ಆದರೆ ಅದರ ಸಾಂದ್ರತೆ ನೀರಿನ 19 ಪಟ್ಟು, ಸೀಸದ್ದು 11 ಪಟ್ಟು. ಹೀಗಾಗಿ 50 ಗ್ರಾಂ ಟಂಗ್‌ಸ್ಟನ್ ಹಿಂದಿನ ಅಚ್ಚಿನ ಆಸುಪಾಸಿನ ಪುಟ್ಟ ಗುಳಿಗಳಲ್ಲಿ ಅಡಗಿಬಿಡುತ್ತದೆ. ಹಿಂದೆಯೇ ಏಕೆ? ಇಳಿಜಾರಿನ ಮೇಲೆ ನಿಂತ ಕಾರಿನ ಹಿಂಭಾಗ ಮುಂಭಾಗಕ್ಕಿಂತ ಎತ್ತರದಲ್ಲಿರುತ್ತದೆ. ತೂಕ ಹಿಂದಿದ್ದರೆ ಅದು ಹೆಚ್ಚು ಎತ್ತರದಿಂದ ಇಳಿಯುತ್ತದೆ, ಅಷ್ಟು ಹೆಚ್ಚು ಶಕ್ತಿ ಸಿಗುತ್ತದೆ. ಈ ಕಾರಿಗೆ ಸಿಗುವ ಇಂಧನ ಅದೊಂದೇ. ಕಾರನ್ನು ಸ್ಕೇಲಿನ ಅಂಚಿನ ಮೇಲೆ ತೂಗಾಡಿಸಿದಾಗ ಸಮತೋಲದ ಬಿಂದು ಹಿಂದಿನ ಅಚ್ಚಿನಿಂದ ಒಂದು ಅಂಗುಲದಷ್ಟು ಮುಂದೆ ಬಂದರೆ ಒಳ್ಳೆಯದು ಎಂಬುದು ಪಳಗಿದವರ ಲೆಕ್ಕ. ತೀರಾ ಹಿಂದಕ್ಕೆ ತಂದರೆ ಮುಂದಿನ ಗಾಲಿಗಳಿಗೆ ಭಾರ ಸಾಲದೆ, ಇಳಿಜಾರು ಮುಗಿದು ಸಮತಟ್ಟಾಗುವ ಬಾಗಿನಲ್ಲಿ ಕಾರು ತೊನೆಯುತ್ತದೆ. ನಮ್ಮ ಬಸ್ಸಿನ ಮೈಯಲ್ಲಿ ಮರವೇ ಜಾಸ್ತಿ. ಬಿಂದು ಒಂದೂವರೆ ಅಂಗುಲಕ್ಕಿಂತ ಹಿಂದೆ ಸರಿಯಲಿಲ್ಲ. ಬಸ್ಸಿನ ಆಕಾರಕ್ಕೆ ನಾವು ತೆತ್ತ ಬೆಲೆ ಅದು, ನನಗೆ ಅದರ ಬಗ್ಗೆ ಬೇಸರವಿಲ್ಲ.

ಇನ್ನು ಮೊಳೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ತಿರುಗಿಸಿದ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ಮಾಡಿದ್ದೆ. ಅಳತೆಯ ಉಪಕರಣ ಹಿಡಿಯುವ ಮೊದಲು ಉಗುರಿನಿಂದ ಸವರಿ ನೋಡು ಎಂದು ಅಲ್ಲಿನ ಹಿರಿಯ ಮೇಸ್ತ್ರಿಯೊಬ್ಬರು ಹೇಳಿಕೊಟ್ಟಿದ್ದರು. ಮಗಳಿಗೂ ಅದನ್ನೇ ಹೇಳಿದೆ. ಪೆಟ್ಟಿಗೆಯಿಂದ ತೆಗೆದ ಮೊಳೆಯನ್ನು ಬರಿಗಣ್ಣಿನಿಂದ ನೋಡಿದರೆ ನುಣುಪಾಗಿಯೇ ಕಾಣುತ್ತದೆ. ಉಗುರು ಸವರಿದರೆ ತಲೆಯ ಕೆಳಗೆ, ಮೈಯ ಎರಡು ಬದಿಯಲ್ಲಿ, ಕಾರ್ಖಾನೆಯಲ್ಲಿ ಒತ್ತಿ ಮಾಡಿದಾಗ ಉಬ್ಬಿದ ಏಣುಗಳು ತಗಲುತ್ತವೆ. ಗಾಲಿ ಉಜ್ಜಿಕೊಂಡು ತಿರುಗುವುದು ಅಲ್ಲೇ. ಸಣ್ಣ ಅರದಿಂದ ಮೊದಲು ಆ ಏಣುಗಳನ್ನು ತೆಗೆಯಬೇಕು. ತಲೆಯ ಒಳಮೈಯನ್ನೂ ಸ್ವಲ್ಪ ಓರೆಯಾಗಿ ಸವೆಸಬೇಕು.

ಆಮೇಲೆ ಮೊಳೆಯ ತುದಿಯನ್ನು ಡ್ರಿಲ್‌ಗೆ ಕಚ್ಚಿಸಿ ನಾನು ನಿಧಾನವಾಗಿ ತಿರುಗಿಸಿದೆ. ಅವಳು ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿ, ಉಪ್ಪುಕಾಗದದ ಕಿರುಬೆರಳಗಲದ ಪಟ್ಟಿಯನ್ನು ನೀರಿನಲ್ಲಿ ಅದ್ದಿ, ಎರಡು ತುದಿ ಹಿಡಿದು ಮೊಳೆಯ ಮೇಲೆ ಹಿಂದೆ ಮುಂದೆ ಎಳೆದಳು. ಮೊದಲು 400 ನಂಬರಿನ ಕಾಗದ, ನಂತರ 600, 1000, 2000. ಒಂದು ನಂಬರಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಮೊಳೆಯನ್ನು ತೊಳೆದು ಒರೆಸಲೇಬೇಕು, ಇಲ್ಲದಿದ್ದರೆ ಹಿಂದಿನ ಕಾಗದದ ಒರಟು ಕಣವೇ ಹೊಸ ಗೀರು ಎಳೆಯುತ್ತದೆ. ಭೂತಗನ್ನಡಿ ಅವಳ ಕೈಯಲ್ಲೇ ಇತ್ತು. “ಆಯಿತು, ಸಾಕು” ಎಂದು ನಾನು ಹೇಳಿದ ಮೊಳೆಯೊಂದನ್ನು ದೀಪಕ್ಕೆ ಹಿಡಿದು, “ಇಲ್ಲ ಅಪ್ಪ, ಇಲ್ಲೊಂದು ಗೆರೆ ಇದೆ, ಮತ್ತೆ 600ರಿಂದ ಮಾಡೋಣ” ಎಂದಳು. ಗೆರೆ ಇತ್ತು. ಮತ್ತೆ 600ರಿಂದ ಮಾಡಿದೆವು. ಕೊನೆಗೆ ಲೋಹಕ್ಕೆ ಹೊಳಪು ಕೊಡುವ ಮುಲಾಮನ್ನು ಬಟ್ಟೆಗೆ ಹಚ್ಚಿ ತಿಕ್ಕಿದಾಗ ಮೊಳೆಯ ಮೈಯಲ್ಲಿ ಕಿಟಕಿಯ ಪ್ರತಿಬಿಂಬ ಕಾಣಿಸಿತು. ಇಡೀ ಕೆಲಸದಲ್ಲಿ ಹೆಚ್ಚು ಸಂಜೆಗಳು ಹೋದದ್ದು ಇದಕ್ಕೇ, ಹೋಗಬೇಕಾದದ್ದೂ ಇದಕ್ಕೇ.

ಗಾಲಿಯಲ್ಲಿಯೂ ಪ್ಲಾಸ್ಟಿಕ್ ಎರಕದ ಗುರುತುಗಳು ಉಳಿದಿರುತ್ತವೆ. ಅವನ್ನು ತೆಗೆಯಬಹುದು, ಗಾಲಿಯನ್ನೇ ಕೊರೆದು ಹಗುರ ಮಾಡಲು ಡೆನ್‌ಗಳೆಲ್ಲ ಸೇರಿದ ನಮ್ಮ ಪ್ಯಾಕಿನ ನಿಯಮದಲ್ಲಿ ಅವಕಾಶವಿಲ್ಲ. ಜಾರುಪುಡಿಯಾಗಿ ಗ್ರಾಫೈಟ್ ಮಾತ್ರ. ಎಣ್ಣೆ ಹಾಕಿದರೆ ಧೂಳು ಹಿಡಿಯುತ್ತದೆ, ಗ್ರಾಫೈಟ್ ಜೊತೆ ಬೆರೆತರೆ ಅಂಟುಕೆಸರಾಗುತ್ತದೆ. ಗಾಲಿಯ ತೂತಿಗೆ ಒಂದು ಚಿಟಿಕೆ ಗ್ರಾಫೈಟ್ ಹಾಕಿ, ಮೊಳೆ ತೂರಿಸಿ, ಬೆರಳಿನಿಂದ ತಿರುಗಿಸುತ್ತಲೇ ಇರಬೇಕು. ಪುಡಿ ಪ್ಲಾಸ್ಟಿಕ್ಕಿನ ಮೈಗೆ ಉಜ್ಜಿ ಕೂರಬೇಕು. ಹಳೆಯ ಪತ್ರಿಕೆ ಹಾಸಿಕೊಂಡು ಈ ಕೆಲಸ ಮಾಡಿ, ಹಾಸುಗಂಬಳಿಯ ಮೇಲೆ ಖಂಡಿತ ಬೇಡ. ಬಣ್ಣವೆಲ್ಲ ಮೊದಲೇ ಮುಗಿದಿರಬೇಕು. ನಾವು ಬಣ್ಣ ಬಳಿದದ್ದು ನೆಲಮಾಳಿಗೆಯಲ್ಲಿ, ಏಕೆಂದರೆ ಜನವರಿಯ ಮಿಷಿಗನ್ ಚಳಿಯಲ್ಲಿ ಗ್ಯಾರೇಜಿನಲ್ಲಿ ಬಣ್ಣವೂ ಸರಿಯಾಗಿ ಹಿಡಿಯದು, ಅಂಟೂ ಹಿಡಿಯದು.

ಮೊಳೆಯಷ್ಟೇ ಮುಖ್ಯವಾದದ್ದು, ಆದರೆ ಬಹಳ ಜನ ಬಿಟ್ಟುಬಿಡುವುದು, ಗಾಲಿಗಳ ನೇರ. ಓಟದ ಹಾದಿಯ ನಡುವೆ ಉಬ್ಬಿದ ಪಟ್ಟಿಯೊಂದಿರುತ್ತದೆ. ಕಾರಿನ ಗಾಲಿಗಳು ಅದರ ಎರಡು ಬದಿಯಲ್ಲಿ ಓಡುತ್ತವೆ. ಪೂರ್ತಿ ನೇರ ಓಡುವ ಕಾರು ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಹೇಗಿದ್ದರೂ ಅದು ಆ ಕಡೆ ಈ ಕಡೆ ಪಟ್ಟಿಗೆ ಬಡಿಯುತ್ತದೆ, ಬಡಿದಾಗಲೆಲ್ಲ ವೇಗ ಕಳೆದುಕೊಳ್ಳುತ್ತದೆ. ಅದಕ್ಕಿಂತ ಮುಂದಿನ ಒಂದು ಗಾಲಿ ಮೆಲ್ಲಗೆ ಪಟ್ಟಿಗೆ ಆತುಕೊಂಡೇ ಓಡುವಂತೆ ಮಾಡುವುದು ಲೇಸು. ಎಮ್ಮೆ ಬೇಲಿಗೆ ಮೈ ತಾಗಿಸಿಕೊಂಡು ನಡೆದ ಹಾಗೆ, ಅತ್ತಿತ್ತ ಹೊಯ್ದಾಡುವುದಿಲ್ಲ. ಅಡಿಪಾಯ ಮಾತ್ರ ಹಿಂದಿನ ಎರಡು ಗಾಲಿಗಳು. ಅವು ಒಂದಕ್ಕೊಂದು ಸಮಾನಾಂತರವಾಗಿ ಇರಲೇಬೇಕು. ಮರದಲ್ಲಿ ಮೊದಲೇ ಕೊರೆದು ಬರುವ ತೋಡುಗಳು ಒಮ್ಮೊಮ್ಮೆ ಓರೆಯಾಗಿರುತ್ತವೆ, ಮೂಲೆಮಟ್ಟ ಹಿಡಿದು ನೋಡಿಕೊಳ್ಳಬೇಕು.

ಇದನ್ನು ಹೊಂದಿಸಲು ನಾಲ್ಕು ಅಡಿಯ ಹಲಗೆಯೊಂದು ಸಾಕು. ಒಂದು ತುದಿಯ ಕೆಳಗೆ ಪುಸ್ತಕ ಇಟ್ಟು, ನಡುವೆ ಟೇಪ್ ಅಂಟಿಸಿ, ಬಸ್ಸನ್ನು ಮೇಲಿನಿಂದ ಬಿಟ್ಟೆವು. ಮುಂದಿನ ಒಂದು ಮೊಳೆಯನ್ನು ಕೂದಲೆಳೆಯಷ್ಟು ಬಾಗಿಸಿದ್ದೆ. ಅದಕ್ಕೆ ನಮ್ಮಲ್ಲಿ ಅನುಮತಿಯಿದೆ, ಎಲ್ಲ ಪ್ಯಾಕುಗಳಲ್ಲಿ ಇರುವುದಿಲ್ಲ. ಆ ಮೊಳೆಯನ್ನು ಇಕ್ಕಳದಿಂದ ತುಸು ತಿರುವಿದರೆ ಕಾರು ವಾಲುವ ದಿಕ್ಕು ಬದಲಾಗುತ್ತದೆ. ಅವಳು ಟೇಪಿನಿಂದ ಕಾರು ಎಷ್ಟು ದೂರ ಸರಿಯಿತು ಎಂದು ಅಳೆದು ಹೇಳುವುದು, ನಾನು ತಿರುವುವುದು. ನಾಲ್ಕು ಅಡಿಗೆ ಮೂರು ನಾಲ್ಕು ಅಂಗುಲ ಒಂದೇ ಕಡೆಗೆ ಸರಿಯುವಂತಾದಾಗ ತೋಡಿಗೆ ಒಂದು ಹನಿ ಅಂಟು ಹಾಕಿ ನಿಲ್ಲಿಸಿದೆವು. ಗಾಲಿಗೂ ಮೈಗೂ ನಡುವೆ ಎಟಿಎಂ ಕಾರ್ಡ್ ತೂರುವಷ್ಟು ಸಂದು ಇರಬೇಕು.

ಸ್ಪರ್ಧೆಯ ದಿನ ಅವರ ತೂಕದ ಯಂತ್ರ ಹೇಳಿದ್ದೇ ಕೊನೆಯ ಮಾತು. ಆದ್ದರಿಂದ ಬಸ್ಸಿನ ಹೊಟ್ಟೆಯಲ್ಲಿ ಚೂರು ಟಂಗ್‌ಸ್ಟನ್ ಬೆರೆಸಿದ ಮೇಣವನ್ನು ಕೀಳಲು ಬರುವಂತೆ ಇಟ್ಟಿದ್ದೆವು. ಅವರ ಯಂತ್ರ ಹೆಚ್ಚು ತೋರಿಸಿತು. ಅವಳೇ ಕಡ್ಡಿಯಿಂದ ಒಂದಿಷ್ಟು ಕೆರೆದು 5.00ಕ್ಕೆ ತಂದಳು. ಆಮೇಲೆ ಕಾರುಗಳನ್ನು ಯಾರೂ ಮುಟ್ಟುವಂತಿಲ್ಲ. ಹಾದಿ 42 ಅಡಿ ಉದ್ದದ ಅಲ್ಯೂಮಿನಿಯಂನದು. ಕಾರುಗಳು ಪಕ್ಕಪಕ್ಕದಲ್ಲಿ ಓಡುವ ಅದರ ಸಾಲುಗಳ ನಡುವೆ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇರುವುದರಿಂದ ಪ್ರತಿ ಕಾರೂ ಎಲ್ಲ ಸಾಲುಗಳಲ್ಲೂ ಒಮ್ಮೆ ಓಡಬೇಕು. ನಮ್ಮ ಬಸ್ಸು 3.2 ಸೆಕೆಂಡಿನ ಆಸುಪಾಸಿನಲ್ಲೇ ಪ್ರತಿ ಸಲವೂ ಗುರಿ ಮುಟ್ಟಿತು. ಡೆನ್‌ನಲ್ಲಿ ಎರಡನೆಯ ಸ್ಥಾನ ಬಂತು. ಅಷ್ಟು ದಪ್ಪ ಮೈಯ ಬಸ್ಸು ಬೆಣೆಗಳನ್ನು ಹಿಂದೆ ಹಾಕುವುದನ್ನು ಕಂಡು ಸುತ್ತ ನಿಂತ ಮಕ್ಕಳು ಕೂಗುತ್ತಿದ್ದರು.

ಮೊದಲ ಸ್ಥಾನ ಬಂದ ತೆಳ್ಳನೆಯ ಕಾರು ನಮ್ಮನ್ನು ಎಲ್ಲಿ ಹಿಂದಿಕ್ಕಿತು ಎಂಬುದನ್ನು ಗುರುತಿಸಿದವಳೂ ಮಗಳೇ. “ಇಳಿಯುವಾಗ ನಾವೇ ಮುಂದಿದ್ದೆವು ಅಪ್ಪ, ಆಮೇಲೆ ಸಮತಟ್ಟಿನಲ್ಲಿ ಅದು ದಾಟಿತು.” ಅವಳು ಕಂಡದ್ದು ಸರಿ. ಸಮತಟ್ಟಿನಲ್ಲಿ ಹೊಸ ಶಕ್ತಿ ಸೇರುವುದಿಲ್ಲ, ವೇಗ ಆಗಲೇ ಗರಿಷ್ಠಕ್ಕೆ ಬಂದಿರುತ್ತದೆ, ಚಪ್ಪಟೆ ಮೂತಿಯ ಬಸ್ಸಿಗೆ ಗಾಳಿ ಅಡ್ಡ ನಿಲ್ಲುವುದು ಅಲ್ಲೇ. ಮುಂದಿನ ವರ್ಷವೂ ಬಸ್ಸೇ ಎಂದು ಅವಳು ತೀರ್ಮಾನಿಸಿದ್ದಾಳೆ, ಆದರೆ ಮುಂದೆ ಬಾಗಿದ ಗಾಜಿನ ಬಿಳಿ ‘ಐರಾವತ’. ಮೂತಿಯ ಮರ ಹೋದಷ್ಟೂ ತೂಕವೂ ಇಳಿಯುವುದರಿಂದ ಈ ಸಲದಷ್ಟು ಹೊಟ್ಟೆ ಕೊರೆಯಬೇಕಾಗಿಲ್ಲ, ಸಮತೋಲದ ಬಿಂದುವನ್ನೂ ಇನ್ನಷ್ಟು ಹಿಂದಕ್ಕೆ ತರಬಹುದು ಎಂದು ಲೆಕ್ಕ ಹಾಕಿಕೊಟ್ಟಿದ್ದೇನೆ. ಚಿತ್ರ ಈಗಾಗಲೇ ತಯಾರಾಗಿದೆ.